ಶರಣಾಗುವ ಮೊದಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಳೆಯ ತಲೆಮಾರಿನ ಅನೇಕರಿಗೆ ಈಜು ಕಲಿಸಿದ್ದು ತೆಂಗಿನಕಾಯಿ. ಮಟ್ಟೆ ಸುಲಿಯದ ಎರಡು ಒಣಗಾಯಿಗಳನ್ನು ಹಗ್ಗದಿಂದ ಜೋಡಿಸಿ, ಹುಡುಗನ ಎದೆಯಡಿಗೆ ಕಟ್ಟಿ, ತೋಟದ ಕಲ್ಲುಬಾವಿಗೆ ಇಳಿಸುತ್ತಿದ್ದರು. ಮಾವನೋ ಚಿಕ್ಕಪ್ಪನೋ ಮೆಟ್ಟಿಲ ಮೇಲೆ ಕೂತು ಗದರುತ್ತ, ಹುರಿದುಂಬಿಸುತ್ತ ಇರುತ್ತಿದ್ದರು. ನಾರಿನ ಸಂದಿನಲ್ಲಿ ಗಾಳಿ ತುಂಬಿಕೊಂಡ ಆ ಮಟ್ಟೆಯೇ ತೆಂಗನ್ನು ಒಂದು ಕಡಲ ದಂಡೆಯಿಂದ ಇನ್ನೊಂದಕ್ಕೆ ದಾಟಿಸಿದ್ದು. ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ತೇಲಿ ದಡ ಸೇರಿದ ಕಾಯಿಯೂ ಮೊಳೆಯಬಲ್ಲದು. ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಈ ಬಯಲಿನಲ್ಲಿ ಲಕ್ಷಾಂತರ ಮರಗಳಾಗಿ ನಿಂತಿರುವುದು ಕಡಲಿನ ಬೆಳೆ.

ಅದನ್ನು ಬೆಳೆಯುವವರಿಗೆ ಮಾತ್ರ ನೀರಿನ ಸಲಿಗೆ ತಪ್ಪುತ್ತಾ ಬಂತು. ಕಲ್ಲುಬಾವಿಗಳು ಬತ್ತಿದವು, ಕೆಲವನ್ನು ಮುಚ್ಚಿದರು. ನೀರು ನೂರಾರು ಅಡಿ ಆಳದ ಕೊಳವೆಬಾವಿಯಿಂದ ಪೈಪಿನಲ್ಲಿ ಬರತೊಡಗಿತು. ಆರೇಳು ಇಂಚು ಅಗಲದ ಆ ರಂಧ್ರದಲ್ಲಿ ಯಾವ ಹುಡುಗ ಈಜು ಕಲಿತಾನು? 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದ ಮೇಲೆ ನಾಲೆಯ ನೀರು ಈ ಕಡೆಯ ಕೆರೆಗಳಿಗೂ ಹರಿಯಿತು. ಆದರೆ ನಾಲೆ ಈಜು ಕಲಿಸುವ ಜಾಗವಲ್ಲ, ಅದರ ಸೆಳೆತ ಬೇರೆ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡದ ಜಾರುವ ಅಂಚು ಇನ್ನೂ ಅಪಾಯದ್ದು. ಹೀಗೆ ನೀರನ್ನು ದೂರದಿಂದಲೇ ನೋಡಿ ಬೆಳೆದ ಒಂದೆರಡು ತಲೆಮಾರು ಈ ಸೀಮೆಯಲ್ಲಿದೆ.

ಆ ತಲೆಮಾರಿನ ಒಬ್ಬ ಬೆಳೆಗಾರರನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ಐವತ್ತು ದಾಟಿದೆ, ಈಜು ಬಾರದು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳ ಒತ್ತಾಯಕ್ಕೆ ಅರಸೀಕೆರೆ, ಶಿವಮೊಗ್ಗ, ಸಾಗರ ಹಾದು, ಘಟ್ಟ ಇಳಿದು ಮುರುಡೇಶ್ವರಕ್ಕೆ ಬಂದಿದ್ದಾರೆ. ಮುಂಜಾನೆ ದೋಣಿ ನೇತ್ರಾಣಿ ದ್ವೀಪದತ್ತ ಹೊರಡುತ್ತದೆ. ಭಟ್ಕಳ ತಾಲ್ಲೂಕಿನ ಈ ಜನವಸತಿಯಿಲ್ಲದ ದ್ವೀಪ ದಡದಿಂದ ಸುಮಾರು 19 ಕಿಲೋಮೀಟರ್ ದೂರ. ಕರಾವಳಿಯ ಮೀನುಗಾರರು ಹರಕೆಯ ಆಡುಗಳನ್ನು ತಂದುಬಿಡುತ್ತಿದ್ದ ಜಾಗವಿದು. ಪುನೀತ್ ರಾಜ್‌ಕುಮಾರ್ ‘ಗಂಧದ ಗುಡಿ’ ಚಿತ್ರಕ್ಕಾಗಿ ನೀರಿಗಿಳಿದದ್ದೂ ಇಲ್ಲಿಯೇ. ದೋಣಿಯ ಹಿಂದೆ ಮುರುಡೇಶ್ವರ ದೇವಸ್ಥಾನದ 20 ಅಂತಸ್ತಿನ ಗೋಪುರ, 123 ಅಡಿಯ ಶಿವನ ಮೂರ್ತಿ ಕಿರಿದಾಗುತ್ತ ಹೋಗುತ್ತವೆ. ದ್ವೀಪದ ಬಂಡೆಗಳ ಬಳಿ ಲಂಗರು ಬೀಳುತ್ತದೆ. ಮೈಗೆ ಲೈಫ್ ಜಾಕೆಟ್, ಮುಖಕ್ಕೆ ಕಣ್ಣು ಮೂಗು ಮುಚ್ಚುವ ಮಾಸ್ಕ್, ಬಾಯಿಗೆ ಸ್ನಾರ್ಕೆಲ್ ಎಂಬ ಬಾಗಿದ ಕೊಳವೆ. ಅಷ್ಟೇ ಸಲಕರಣೆ. ಅವರು ಏಣಿಯ ಕೊನೆಯ ಮೆಟ್ಟಿಲಿನಲ್ಲಿ ನಿಂತಿದ್ದಾರೆ. ಕೈ ಕಂಬಿಯನ್ನು ಬಿಡುತ್ತಿಲ್ಲ.

ಅವರಿಗೆ ತಿಳಿಯಬೇಕಾದ್ದೆಲ್ಲ ತಿಳಿದಿದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುವುದರಿಂದ ಅದು ಬಾವಿಯ ನೀರಿಗಿಂತ ಚೆನ್ನಾಗಿ ಎತ್ತಿಹಿಡಿಯುತ್ತದೆ. ಉಸಿರು ತುಂಬಿಕೊಂಡ ಮನುಷ್ಯ ದೇಹ ಸಾಮಾನ್ಯವಾಗಿ ಅದರಲ್ಲಿ ತಾನಾಗಿ ತೇಲುತ್ತದೆ. ಮೇಲೆ ಲೈಫ್ ಜಾಕೆಟ್ ಇದೆ. ಪಕ್ಕದಲ್ಲಿ ಗೈಡ್ ಇದ್ದಾನೆ. ಇಷ್ಟೆಲ್ಲ ಗೊತ್ತಿದ್ದೂ ಮೈ ಒಪ್ಪುತ್ತಿಲ್ಲ. ಪ್ರಶ್ನೆ ಹುಟ್ಟುವುದು ಇಲ್ಲಿ. ಅರಿವು ಬಂದ ಮೇಲೂ ಭಯ ಏಕೆ ಉಳಿಯುತ್ತದೆ? ಅರಿವಿನಿಂದ ಹೋಗದ ಭಯ ಮತ್ತೆ ಯಾವುದರಿಂದ ಹೋಗುತ್ತದೆ?

ಭಾರತದ ಚಿಂತಕರು ಈ ಪ್ರಶ್ನೆಯನ್ನು ಹಗುರವಾಗಿ ಕಂಡವರಲ್ಲ. ಪತಂಜಲಿಯ ಯೋಗಸೂತ್ರ ಮನುಷ್ಯನನ್ನು ಕಾಡುವ ಐದು ಕ್ಲೇಶಗಳನ್ನು ಹೇಳುತ್ತದೆ. ಕೊನೆಯದು ಅಭಿನಿವೇಶ, ಎಂದರೆ ಬದುಕನ್ನು ಬಿಗಿಯಾಗಿ ಅಪ್ಪಿಕೊಂಡಿರುವ ಹಠ. ಅದು ತಿಳಿದವನಲ್ಲಿಯೂ ಬೇರುಬಿಟ್ಟಿರುತ್ತದೆ ಎಂದು ಸೂತ್ರ ಸ್ಪಷ್ಟವಾಗಿ ಒಪ್ಪಿಕೊಳ್ಳುತ್ತದೆ. ಆಗತಾನೆ ಹುಟ್ಟಿದ ಹುಳುವಿನಲ್ಲೂ ಈ ಭಯ ಕಾಣುವುದರಿಂದ ಇದು ಹಿಂದಿನ ಜನ್ಮಗಳಲ್ಲಿ ಅನುಭವಿಸಿದ ಸಾವಿನ ನೆನಪು ಎಂಬುದು ವ್ಯಾಸಭಾಷ್ಯದ ವಾದ. ಪುನರ್ಜನ್ಮವನ್ನು ಒಪ್ಪದವರೂ ಇಲ್ಲಿರುವ ಗಮನಿಕೆಯನ್ನು ತಳ್ಳಿಹಾಕಲಾರರು. ಭಯ ಬುದ್ಧಿಗಿಂತ ಹಳೆಯದು, ಬುದ್ಧಿಯ ಅಪ್ಪಣೆಗೆ ಅದು ಕಾಯುವುದಿಲ್ಲ.

16ನೇ ಶತಮಾನದ ಫ್ರೆಂಚ್ ಲೇಖಕ ಮೊಂತೇನ್ ಇದೇ ಮಾತಿಗೆ ಒಂದು ಪ್ರಯೋಗ ಕಲ್ಪಿಸಿದ. ತತ್ತ್ವಜ್ಞಾನಿಯೊಬ್ಬನನ್ನು ತೆಳು ತಂತಿಯ ಪಂಜರದಲ್ಲಿಟ್ಟು ಪ್ಯಾರಿಸ್ಸಿನ ನೋತ್ರ್ ದಾಮ್ ಗೋಪುರದ ತುದಿಗೆ ತೂಗುಹಾಕಬೇಕು. ಬೀಳುವುದು ಸಾಧ್ಯವೇ ಇಲ್ಲವೆಂದು ಅವನ ವಿವೇಕಕ್ಕೆ ಖಚಿತವಾಗಿ ಗೊತ್ತಿರುತ್ತದೆ. ಆದರೂ ಕೆಳಗೆ ನೋಡಿದೊಡನೆ ಅವನು ನಡುಗುತ್ತಾನೆ. ನೇತ್ರಾಣಿಯ ಏಣಿಯ ಮೇಲೆ ನಿಂತ ತಿಪಟೂರಿನ ಬೆಳೆಗಾರರಿಗೂ ಆ ತತ್ತ್ವಜ್ಞಾನಿಗೂ ವ್ಯತ್ಯಾಸವಿಲ್ಲ.

ಭಗವದ್ಗೀತೆಯ 16ನೇ ಅಧ್ಯಾಯ ದೈವೀ ಗುಣಗಳ ಪಟ್ಟಿಯನ್ನು ಅಭಯದಿಂದ ಆರಂಭಿಸುತ್ತದೆ. ಹಾಗಿದ್ದರೆ ಭಯಪಡುವುದು ದೋಷವೇ? ಅವಸರದ ಉತ್ತರ ಇಲ್ಲಿ ಅಪಾಯ ತಂದೀತು. ಪ್ಲೇಟೋ ತನ್ನ ಎರಡು ಸಂವಾದಗಳಲ್ಲಿ ಧೈರ್ಯವನ್ನು ಚರ್ಚಿಸುವಾಗ ತಂದ ಉದಾಹರಣೆ ಬಾವಿಗೆ ಧುಮುಕುವವರದು. ‘ಪ್ರೊಟಾಗೊರಸ್’ನಲ್ಲಿ ಸಾಕ್ರಟೀಸ್ ಕೇಳುತ್ತಾನೆ: ಬಾವಿಗೆ ಅಳುಕಿಲ್ಲದೆ ಧುಮುಕುವವರು ಯಾರು? ಆ ವಿದ್ಯೆ ಬಲ್ಲವರು. ‘ಲಾಕೆಸ್’ನಲ್ಲಿ ಪ್ರಶ್ನೆ ತಿರುಗುತ್ತದೆ: ವಿದ್ಯೆ ಬಾರದೆಯೂ ಧುಮುಕುವವನು ಬಲ್ಲವನಿಗಿಂತ ಹೆಚ್ಚು ಧೈರ್ಯಶಾಲಿಯಲ್ಲವೇ? ಹೌದೆಂದರೆ ಮೂರ್ಖತನಕ್ಕೇ ಧೈರ್ಯದ ಪಟ್ಟ ಕಟ್ಟಿದಂತೆ. ಸಂವಾದ ಆ ಇಕ್ಕಟ್ಟಿನಿಂದ ಸುಲಭವಾಗಿ ಹೊರಬರುವುದಿಲ್ಲ.

ಆ ಇಕ್ಕಟ್ಟು ಪುಸ್ತಕದೊಳಗೇ ಉಳಿಯುವಂಥದ್ದಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಇದೇ ಮುರುಡೇಶ್ವರದ ಅಲೆಗಳಲ್ಲಿ ಜೀವ ಕಳೆದುಕೊಂಡರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಬಯಲುಸೀಮೆಯ ಮನುಷ್ಯ ಕಡಲಿಗೆ ಹೆದರುವುದರಲ್ಲಿ ಸತ್ಯವಿದೆ. ಆ ಭಯವನ್ನು ಗೇಲಿ ಮಾಡಿ ತಳ್ಳುವವರು ಧೈರ್ಯ ಕಲಿಸುತ್ತಿಲ್ಲ. ಆದ್ದರಿಂದ ಕೇಳಬೇಕಾದದ್ದು ಇಷ್ಟು: ಸತ್ಯವಿರುವ ಭಯವನ್ನು ಗೌರವಿಸುತ್ತಲೇ ಅದರ ಬಿಗಿ ಸಡಿಲಿಸುವ ಬಗೆ ಯಾವುದು?

ಸ್ನಾರ್ಕೆಲ್ ಕೊಳವೆ ಇದಕ್ಕೆ ಒಂದು ಪಾಠಶಾಲೆ. ಅದರ ಉದ್ದ ಒಂದು ಅಡಿಗಿಂತ ತುಸು ಹೆಚ್ಚು. ಹೊರಗೆ ಬಿಟ್ಟ ಉಸಿರಿನ ಸ್ವಲ್ಪ ಭಾಗ ಕೊಳವೆಯಲ್ಲೇ ಉಳಿದು ಮುಂದಿನ ಉಸಿರಿನೊಂದಿಗೆ ಒಳಬರುತ್ತದೆ. ಉಸಿರು ದೀರ್ಘವಾಗಿದ್ದರೆ ಇದು ಲೆಕ್ಕಕ್ಕೇ ಬರುವುದಿಲ್ಲ. ಹೆದರಿದವರ ಉಸಿರು ಚಿಕ್ಕದಾಗಿ, ಬಿರುಸಾಗಿ ಓಡುತ್ತದೆ. ಆಗ ಹಳಸಿದ ಗಾಳಿಯದೇ ಪಾಲು ಹೆಚ್ಚಿ, ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ, ಉಸಿರು ಕಟ್ಟಿದಂತಾಗುತ್ತದೆ. ಭಯ ಇನ್ನಷ್ಟು ಏರುತ್ತದೆ. ಕತ್ತೆತ್ತಿ ಗಾಳಿಗೆ ಹಾತೊರೆದರೆ ನೀರಿನ ಆಸರೆ ತಪ್ಪಿದ ತಲೆಯ ಭಾರ ಮೈಯನ್ನು ಒತ್ತುತ್ತದೆ, ಕಾಲು ಕೆಳಗಿಳಿಯುತ್ತದೆ. ಮುಳುಗುತ್ತೇನೆ ಎಂಬ ಭಯವೇ ಹೀಗೆ ಮುಳುಗಿಸುವ ಕೆಲಸ ಮಾಡುತ್ತದೆ. ಬದುಕಲು ಮಾಡುವ ಆ ಒದ್ದಾಟವನ್ನೇ ಬಿಡಬೇಕು. ಇದು ಹೇಳಲು ಸುಲಭ, ಮಾಡಲು ಬಲು ಕಷ್ಟ.

ನೇತ್ರಾಣಿಯ ಗೈಡ್‌ಗಳಿಗೆ ಇದು ದಿನನಿತ್ಯದ ಕೆಲಸ. ಇಂಥ ಹೊತ್ತಿನಲ್ಲಿ ಅವರಾಡುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ: “ಸರ್, ನೀವೇನೂ ಮಾಡ್ಬೇಡಿ. ಮುಖ ನೀರಲ್ಲಿಡಿ, ಬಾಯಲ್ಲಿ ನಿಧಾನ ಉಸಿರು ತಗೊಳ್ಳಿ. ಕೈ ನಾನು ಹಿಡ್ಕೊಂಡಿದೀನಿ.” ದೋಣಿಯ ಮೇಲಿಂದ ಮಗಳು ಕೂಗುತ್ತಾಳೆ: “ಅಪ್ಪಾಜಿ, ಕಾಲು ಬಡೀಬೇಡಿ, ಸುಮ್ನೆ ಬಿಡಿ!” ಗೈಡ್ ಹೇಳಿದ ಕ್ರಮ ಗಮನಾರ್ಹ. ಮೊದಲು ಮುಖ ನೀರಿನಲ್ಲಿ, ಆಮೇಲೆ ಉಸಿರಿನ ಮೇಲೆ ಗಮನ. ಮೈ ಬಿಡುವುದು ಅದರ ನಂತರ.

ಈ ಕ್ರಮವನ್ನು ತುರುವೇಕೆರೆಯ ನೆರೆಯಲ್ಲೇ ಒಂದು ಪರಂಪರೆ ಶತಮಾನಗಳ ಹಿಂದೆ ಆಳವಾಗಿ ಯೋಚಿಸಿತ್ತು. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯಲ್ಲಿ, ನಾಗಿನಿ ಹೊಳೆಯ ಬಳಿಯ ತೋಟದಲ್ಲಿ ತಪಸ್ಸಿಗೆ ಕುಳಿತ ಸಿದ್ಧಲಿಂಗರನ್ನು ಜನ ತೋಂಟದ ಸಿದ್ಧಲಿಂಗ ಯತಿಗಳೆಂದು ಕರೆದರು. ಅವರು ನೆಲೆಗೊಂಡ ಎಡೆಯೂರಿಗೆ ಈ ತೆಂಗಿನ ಸೀಮೆಯ ಮನೆಮನೆಯಿಂದ ಇಂದಿಗೂ ಜನ ಹೋಗುತ್ತಾರೆ. ‘ಷಟ್‌ಸ್ಥಲ ಜ್ಞಾನಸಾರಾಮೃತ’ ಅವರ ವಚನಗಳ ಕೃತಿ. ಸಾಧಕನ ದಾರಿಯನ್ನು ತೋರುವ ಷಟ್‌ಸ್ಥಲದ ಏಣಿಯಲ್ಲಿ ಆರು ಮೆಟ್ಟಿಲು: ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಇವಕ್ಕೆ ಹೊಂದುವ ಭಕ್ತಿಗಳೂ ಆರು: ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ.

‘ಶರಣಾಗು’ ಎಂಬ ಉಪದೇಶವನ್ನು ಸಾಮಾನ್ಯವಾಗಿ ಮೊದಲ ಮೆಟ್ಟಿಲೆಂಬಂತೆ ಹೇಳಲಾಗುತ್ತದೆ: ಕಷ್ಟ ಬಂತೇ, ಎಲ್ಲ ದೇವರ ಮೇಲೆ ಹಾಕಿ ನಿರಾಳವಾಗು. ಷಟ್‌ಸ್ಥಲದಲ್ಲಿ ಶರಣಸ್ಥಲ ಐದನೆಯದು. ಅದಕ್ಕೆ ಮೊದಲು ಶ್ರದ್ಧೆ ಬೇಕು, ನಿಷ್ಠೆ ಬೇಕು. ಮೂರನೆಯದಾಗಿ ಅವಧಾನ, ಎಂದರೆ ಎಚ್ಚರದ ಗಮನ. ಆಮೇಲೆ ಪ್ರಾಣವನ್ನೇ ಲಿಂಗವಾಗಿ ಕಾಣುವ ಸ್ಥಲ. ಅದಾದ ಮೇಲೆ ಶರಣ. ಗಮನವಿಲ್ಲದ, ಉಸಿರಿನ ಪರಿಚಯವಿಲ್ಲದ ಮನುಷ್ಯನಿಗೆ ‘ಬಿಟ್ಟುಬಿಡು’ ಎಂದರೆ ಅವನು ಏನನ್ನು ಬಿಡಬಲ್ಲ? ಷಟ್‌ಸ್ಥಲ ಕಡಲ ಸ್ನಾನಕ್ಕಾಗಿ ಹುಟ್ಟಿದ ದರ್ಶನವಲ್ಲ, ಅದರ ಗುರಿ ಬಹಳ ದೊಡ್ಡದು. ಆದರೆ ಮನುಷ್ಯನ ಬಿಗಿ ಸಡಿಲುವ ಅನುಕ್ರಮವನ್ನು ಅದು ಅನುಭವದಿಂದ ಬಲ್ಲದು. ಏಣಿ ಹಿಡಿದು ನಿಂತವರ ಮೈಯೂ ಅದೇ ಅನುಕ್ರಮ ಕೇಳುತ್ತದೆ.

ಪತಂಜಲಿಯೂ ಆಸನದ ಬಗ್ಗೆ ಹೇಳುವಾಗ ಇದೇ ಜಾಗಕ್ಕೆ ಬರುತ್ತಾನೆ. ಪ್ರಯತ್ನದ ಸಡಿಲಿಕೆಯಿಂದ ಮತ್ತು ಅನಂತದಲ್ಲಿ ಮನಸ್ಸು ನೆಲೆಸುವುದರಿಂದ ಆಸನ ಸಿದ್ಧಿಸುತ್ತದೆ ಎಂಬುದು ಎರಡನೆಯ ಪಾದದ ಒಂದು ಸೂತ್ರದ ಸಾರ. ಇಲ್ಲಿ ಅನಂತ ಎಂದರೆ ಭೂಮಿಯನ್ನು ಹೊತ್ತ ನಾಗರಾಜನೆಂದು ವಾಚಸ್ಪತಿ ಮಿಶ್ರ ವಿವರಿಸುತ್ತಾನೆ. ವಿಷ್ಣು ಹಾಲ್ಗಡಲಿನ ಮೇಲೆ ನಿಶ್ಚಿಂತನಾಗಿ ಒರಗಿರುವುದೂ ಆ ಅನಂತನ ಮೇಲೆಯೇ. ಸಡಿಲಗೊಳ್ಳಲು ಕೆಳಗೊಂದು ಆಧಾರ ಬೇಕು, ಆ ಆಧಾರದಲ್ಲಿ ಮನಸ್ಸು ನಿಲ್ಲಬೇಕು. ಬರಿಯ ಶೂನ್ಯದ ಮೇಲೆ ಯಾರೂ ಮೈ ಚೆಲ್ಲಲಾರರು.

ಹೀಗೆ ಬಿಗಿ ಸಡಿಲಾಗಲು ಎಷ್ಟು ಕಾಲ ಬೇಕು? ಕೊಬ್ಬರಿ ಮಾಡುವವರಿಗೆ ಇದರ ಉತ್ತರ ಅಟ್ಟದ ಮೇಲೆಯೇ ಇದೆ. ಸುಲಿಯದ ಕಾಯಿಯನ್ನು ಅಟ್ಟದಲ್ಲಿ ಹರಡಿ ಹತ್ತು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ತಾನಾಗಿ ಬಿಡುತ್ತದೆ. ಆಗ ಒಡೆದರೆ ಉಂಡೆ ಕೊಬ್ಬರಿ ಇಡಿಯಾಗಿ ಕೈಗೆ ಬರುತ್ತದೆ. ರಾಮಕೃಷ್ಣ ಪರಮಹಂಸರು ದೇಹಭಾವ ಕಳಚಿದ ಜ್ಞಾನಿಯನ್ನು ವಿವರಿಸಲು ಬಳಸಿದ್ದು ಈ ಒಣಗಾಯಿಯ ಹೋಲಿಕೆಯನ್ನೇ. ಹಸಿಗಾಯಿಯಲ್ಲಿ ತಿರುಳನ್ನು ಬಿಡಿಸಹೊರಟರೆ ಚಿಪ್ಪಿನ ಚೂರೂ ಅಂಟಿಕೊಂಡು ಬರುತ್ತದೆ. ಭಯವನ್ನು ಅಪ್ಪಣೆಯಿಂದ ಕಿತ್ತರೂ ಆಗುವುದು ಇದೇ: ಅದರ ಜೊತೆ ಆತ್ಮಗೌರವದ ಒಂದು ತುಂಡೂ ಕಿತ್ತುಬರುತ್ತದೆ. ಏಣಿಯ ಮೇಲೆ ನಿಂತವರು ಅರ್ಧ ಗಂಟೆ ತೆಗೆದುಕೊಂಡರೆ ತೆಗೆದುಕೊಳ್ಳಲಿ. ಮುಖವನ್ನು ಒಮ್ಮೆ ಅದ್ದಿ, ತೆಗೆದು, ಮತ್ತೆ ಅದ್ದಲಿ. ಹಾಗೆಯೇ ದೋಣಿಗೆ ಮರಳಿದರೂ ತಪ್ಪಲ್ಲ.

ಇಲ್ಲಿ ಇನ್ನೊಂದು ಹಳೆಯ ಜಿಜ್ಞಾಸೆ ಎದುರಾಗುತ್ತದೆ. ರಾಮಾನುಜರ ನಂತರದ ಶ್ರೀವೈಷ್ಣವರಲ್ಲಿ ಶರಣಾಗತಿಯ ಬಗ್ಗೆ ಎರಡು ಪಂಥ ಬೆಳೆದವು. ಮರಿಕೋತಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದಿರಬೇಕು, ಹಾಗೆ ಜೀವಾತ್ಮನ ಪ್ರಯತ್ನವೂ ಬೇಕು ಎಂದರು ವಡಗಲೆಯವರು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ, ಮರಿ ಏನೂ ಮಾಡಬೇಕಿಲ್ಲ ಎಂದರು ತೆಂಗಲೆಯವರು. ನೀರಿಗಿಳಿದವರ ಅನುಭವ ಎರಡಕ್ಕೂ ಸಾಕ್ಷಿ ಹೇಳುತ್ತದೆ. ತುಟಿಗಳು ಕೊಳವೆಯ ಬಾಯನ್ನು ಹಿಡಿದಿರಲೇಬೇಕು, ಅದು ಮರಿಕೋತಿಯ ಪಾಲು. ಮೈ ತೇಲುವುದಕ್ಕೆ ಮಾತ್ರ ಏನನ್ನೂ ಮಾಡಬಾರದು, ಅದು ಬೆಕ್ಕಿನ ಮರಿಯ ಪಾಲು. ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ತಿಳಿಯುವುದರಲ್ಲೇ ಸಾಧನೆಯ ಬಹುಭಾಗ ಕಳೆಯುತ್ತದೆ.

ಹಾಗೆಂದು ನೀರನ್ನು ದೇವರೊಂದಿಗೆ ಸಮೀಕರಿಸುವುದು ಸರಿಯಲ್ಲ. ಕಡಲು ತೇಲಿಸುವುದು ಕರುಣೆಯಿಂದಲ್ಲ, ಆರ್ಕಿಮಿಡೀಸ್ ಕಂಡುಕೊಂಡ ನಿಯಮದಿಂದ. ಭಕ್ತನನ್ನೂ ನಾಸ್ತಿಕನನ್ನೂ ಅದು ಒಂದೇ ಬಗೆಯಲ್ಲಿ ಎತ್ತಿಹಿಡಿಯುತ್ತದೆ, ಒಂದೇ ಬಗೆಯಲ್ಲಿ ಮುಳುಗಿಸುತ್ತದೆ. ನೀರಿಗಿಳಿಯುವ ಹೊತ್ತಿನಲ್ಲಿ ನಂಬಿಕೆ ಎಂದು ಕರೆಯುವುದರಲ್ಲಿ ಮೂರು ಎಳೆಗಳಿವೆ. ಒಂದು, ನಿಯಮದ ಮೇಲಿನ ನಂಬಿಕೆ. ಅದನ್ನು ಪರೀಕ್ಷಿಸಬಹುದು. ಎರಡು, ಕೈ ಹಿಡಿದ ಗೈಡ್‌ನ ಮೇಲಿನ ನಂಬಿಕೆ. ಅದನ್ನು ಅವನು ತನ್ನ ನಡತೆಯಿಂದ ಗಳಿಸಬೇಕು: ಜಾಕೆಟ್‌ನ ಪಟ್ಟಿಯನ್ನು ಎಳೆದು ನೋಡಿ, ಒರಟು ಕಡಲಿನ ದಿನ ದೋಣಿ ಬಿಡುವುದಿಲ್ಲವೆಂದು ಖಂಡಿತವಾಗಿ ಹೇಳಿ. ಮೂರನೆಯದು ಯಾವ ಖಾತರಿಯೂ ಇಲ್ಲದ ಕಡೆ ಇಡುವ ನಂಬಿಕೆ. ಡೆನ್ಮಾರ್ಕಿನ ಚಿಂತಕ ಕಿರ್ಕೆಗಾರ್ಡ್ ಧಾರ್ಮಿಕ ಶ್ರದ್ಧೆಯನ್ನು ಎಪ್ಪತ್ತು ಸಾವಿರ ಮಾರು ಆಳದ ನೀರಿನ ಮೇಲೆ ಇರುವ ಸ್ಥಿತಿ ಎಂದು ಬಣ್ಣಿಸಿದ. ಲೆಕ್ಕ ಹಾಕಿದರೆ ಅದು 125 ಕಿಲೋಮೀಟರ್ ಮೀರುತ್ತದೆ. ಭೂಮಿಯ ಅತಿ ಆಳದ ಕಡಲ ಕಂದಕವೂ 11 ಕಿಲೋಮೀಟರ್‌ನ ಆಸುಪಾಸು. ಅಳೆಯಲಾಗದ್ದರ ಮೇಲೆ ನಿಲ್ಲುವ ಆ ಮೂರನೆಯ ನಂಬಿಕೆಯನ್ನು ಸ್ನಾರ್ಕೆಲ್ ಕಲಿಸಲಾರದು. ಆದರೆ ಮೊದಲ ಎರಡನ್ನು ಬದಿಗೊತ್ತಿ ನೇರ ಮೂರನೆಯದಕ್ಕೆ ಹಾರುವವರಿಗೆ ಅದು ಎಚ್ಚರ ಹೇಳಬಲ್ಲದು.

ಕೊನೆಗೂ ಮುಖ ನೀರಿನಲ್ಲಿ ನಿಂತಾಗ ಏನಾಗುತ್ತದೆ? ಕೊಳವೆಯಲ್ಲಿ ತನ್ನದೇ ಉಸಿರಿನ ಸದ್ದು ದೊಡ್ಡದಾಗಿ ಕೇಳುತ್ತದೆ. ಮಾಸ್ಕಿನ ಗಾಜಿನ ಹಿಂದಿನಿಂದ ಕಾಣುವ ವಸ್ತುಗಳು ಬೆಳಕು ಬಾಗುವುದರಿಂದ ಮೂರನೇ ಒಂದು ಭಾಗದಷ್ಟು ಹೆಚ್ಚು ದೊಡ್ಡದಾಗಿ, ಹತ್ತಿರವಾಗಿ ತೋರುತ್ತವೆ. ಕೆಳಗೆ ಬಂಡೆಯ ಮೇಲೆ ಹವಳದ ಗಂಟುಗಳು, ಗಿಳಿಯ ಕೊಕ್ಕಿನಂಥ ಬಾಯಿಯಿಂದ ಕಲ್ಲು ಕೆರೆಯುವ ಪ್ಯಾರಟ್ ಫಿಶ್, ಹಳದಿ ಪಟ್ಟಿಯ ಮೀನುಗಳ ಹಿಂಡು. ಕಣ್ಣು ಅವುಗಳ ಹಿಂದೆ ಹೋದಾಗ ಕೈಯ ಬಿಗಿ ಸಡಿಲಾಗುತ್ತದೆ. ಭಯವನ್ನು ಗೆಲ್ಲಲು ಹೊರಟವರು ಅದನ್ನು ಗೆದ್ದದ್ದೇ ಗೊತ್ತಾಗುವುದಿಲ್ಲ, ಏಕೆಂದರೆ ಆ ಕ್ಷಣ ಗಮನ ತಮ್ಮ ಮೇಲೆ ಇರುವುದಿಲ್ಲ. ಅವಧಾನ ಏಕೆ ಶರಣಕ್ಕಿಂತ ಮೊದಲು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ವಿವರಣೆ ಸಿಗಲಾರದು.

ಈ ವಿಚಾರ ನೇತ್ರಾಣಿಯಲ್ಲೇ ಮುಗಿದರೆ ತೆಂಗಿನ ಸೀಮೆಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಇಲ್ಲಿನ ಧಾರ್ಮಿಕ ಬದುಕು ನೀರಿನೊಂದಿಗೆ ಹೆಣೆದುಕೊಂಡಿದೆ: ಗಂಗೆಪೂಜೆ, ತುಂಬಿದ ಕೆರೆಗೆ ಬಾಗಿನ, ತೆಪ್ಪೋತ್ಸವ, ಗಣೇಶ ವಿಸರ್ಜನೆ. 2024ರ ಸೆಪ್ಟೆಂಬರ್‌ನಲ್ಲಿ ತುರುವೇಕೆರೆ ತಾಲ್ಲೂಕಿನಲ್ಲೇ ಗಣೇಶ ವಿಸರ್ಜನೆಯ ವೇಳೆ ಮೂವರು ನೀರುಪಾಲಾದರು. ದೇವರ ಕೆಲಸಕ್ಕೆ ಇಳಿದವರಿಗೆ ದೇವರೇ ದಿಕ್ಕು ಎಂಬ ಮಾತು ಅಂಥ ಸಾವಿನ ಮನೆಯಲ್ಲಿ ಹೇಳಲಾಗದ ಮಾತು. ವಿಸರ್ಜನೆಗೆ ಹೊರಡುವ ಸಮಿತಿಗಳ ಪಟ್ಟಿಯಲ್ಲಿ ಪೆಂಡಾಲ್, ಮೈಕ್, ತಮಟೆ, ಪ್ರಸಾದ ಇರುತ್ತವೆ. ಆ ಪಟ್ಟಿಗೆ ಉದ್ದನೆಯ ಒಂದು ಹಗ್ಗ, ನಾಲ್ಕು ಲೈಫ್ ಜಾಕೆಟ್, ಈಜು ಬಲ್ಲ ಇಬ್ಬರ ಹೆಸರು ಸೇರಬೇಕು. ಮಠಗಳು ನಡೆಸುವ ಶಾಲೆಗಳಲ್ಲಿ ಯೋಗದ ತರಗತಿ ಇರುವಂತೆ ಈಜಿನ ತರಗತಿಯೂ ಬೇಕು. ಕಲ್ಲುಬಾವಿಗಳು ಮತ್ತೆ ತುಂಬುವವರೆಗೆ ಕಾಯದೆ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಪಟ್ಟಣಗಳಲ್ಲಿ ಹುಡುಗರಿಗೂ ಹುಡುಗಿಯರಿಗೂ ಒಂದೊಂದು ಕೊಳ ಸಿದ್ಧವಾಗಬೇಕು. ಇದನ್ನು ಕೇಳುವ ಹಕ್ಕು ಊರಿನವರಿಗಿದೆ, ಮಾಡಿಕೊಡುವ ಹೊಣೆ ಸ್ಥಳೀಯ ಸಂಸ್ಥೆಗಳು, ಮಠಗಳು ಎಲ್ಲರ ಮೇಲೂ ಇದೆ.